ಹೊಸ ಕಂಪೈಲರ್, ಹಳೇ ಸಾಲ

ಡೀಬಗರ್‌ನಲ್ಲಿ ಆ ಪಾಯಿಂಟರ್‌ನ ಬೆಲೆ ನೋಡಿದೆ. 1 ಅಂತ ಇತ್ತು.

ಪಾಯಿಂಟರ್ ಅಂದರೆ ಮೆಮೊರಿಯ ವಿಳಾಸ. ಮಾರುದ್ದದ ಸಂಖ್ಯೆ ಇರಬೇಕು. ಸೊನ್ನೆ ಇದ್ದರೂ ಅರ್ಥವಾಗುತ್ತದೆ, ತುಂಬಿಸುವುದು ಮರೆತಿದ್ದಾರೆ ಅಂತ. ಕಸದಂಥ ಸಂಖ್ಯೆ ಇದ್ದರೆ ಯಾವುದೋ ಅರೇ (ಸಂಖ್ಯೆಗಳ ಸಾಲು) ತನ್ನ ಜಾಗ ಮೀರಿ ಬರೆದಿದೆ ಅಂದುಕೊಳ್ಳಬಹುದು. ಆದರೆ 1? ಯಾರೋ ನಿಧಾನವಾಗಿ ಬಂದು ಗೋಡೆ ಮೇಲೆ ನೀಟಾಗಿ 1 ಅಂತ ಬರೆದು ಹೋದ ಹಾಗಿತ್ತು.

ಇದು 2019ರ ಮಾತು. ಬೆಂಗಳೂರಿನ ಒಂದು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅಲ್ಲಿ ಲೇಸರ್ ಬಿಟ್ಟು, ಯಾವ ಅನಿಲದ ಅಣು ಯಾವ ಬಣ್ಣವನ್ನು ಎಷ್ಟು ಹೀರುತ್ತದೆ ಅಂತ ಅಳೆಯುತ್ತಾರೆ. ಅಳತೆಯನ್ನು ಲೆಕ್ಕಕ್ಕೆ ಹೊಂದಿಸುವುದು ನಮ್ಮದೇ ಒಂದು ಲೈಬ್ರರಿ. ಸುಮಾರು 60 ಸಾವಿರ ಸಾಲು ಕೋಡ್. ಮುಕ್ಕಾಲು ಪಾಲು ಫೋರ್ಟ್ರಾನ್ ಭಾಷೆ, ಉಳಿದದ್ದು ಸಿ ಭಾಷೆ. 1986ರಲ್ಲಿ ನಮ್ಮ ಮೇಷ್ಟ್ರು ಶುರು ಮಾಡಿದ್ದು. ಅವರು ನಿವೃತ್ತರಾದಾಗ ಅದು ನನ್ನ ಕೊರಳಿಗೆ ಬಿತ್ತು. "ಏನಿಲ್ಲಪ್ಪ, ಅದರ ಪಾಡಿಗೆ ಅದು ಓಡ್ತಿರತ್ತೆ" ಅಂದಿದ್ದರು. ಒಂದು ವರ್ಷ ಹಾಗೇ ಓಡಿತು ಕೂಡ.

ಆಮೇಲೆ ಸರ್ವರ್‌ಗೆ ಹೊಸ ಲಿನಕ್ಸ್ ಹಾಕಿದರು. ಅದರ ಜೊತೆ ಹೊಸ ಜಿಫೋರ್ಟ್ರಾನ್ ಬಂತು. ಫೋರ್ಟ್ರಾನ್ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅದು, ಜಿಸಿಸಿ ಅನ್ನುವ ಕಂಪೈಲರ್ ಕುಟುಂಬದ್ದು. ನಮ್ಮ ಕೋಡ್ ಒಂದು ಎಚ್ಚರಿಕೆಯೂ ಇಲ್ಲದೆ ಕಂಪೈಲ್ ಆಯಿತು. ಓಡಿಸಿದ ತಕ್ಷಣ ಕ್ರ್ಯಾಶ್.

ಆಪ್ಟಿಮೈಸೇಷನ್, ಅಂದರೆ ಕೋಡ್ ವೇಗವಾಗಿ ಓಡಲಿ ಅಂತ ಕಂಪೈಲರ್ ಮಾಡುವ ಚುರುಕು, ತೆಗೆದು ಕಂಪೈಲ್ ಮಾಡಿದರೆ ಓಡುತ್ತದೆ. ಆ ಚುರುಕು ಕೇಳುವ ಓ2 ಅನ್ನುವ ಆಯ್ಕೆ ಹಾಕಿದರೆ ಬೀಳುತ್ತದೆ. ನಡುವೆ ಒಂದು ಪ್ರಿಂಟ್ ಸಾಲು ಸೇರಿಸಿದರೆ ಮತ್ತೆ ಓಡುತ್ತದೆ. ಇಷ್ಟು ನೋಡಿದ ಯಾರೇ ಆದರೂ ಹೇಳುವುದು ಒಂದೇ ಮಾತು: "ಕಂಪೈಲರ್‌ನಲ್ಲೇ ತಪ್ಪಿದೆ." ನಾನೂ ಅದನ್ನೇ ಹೇಳಿದೆ. ಕ್ಯಾಂಟೀನ್‌ನಲ್ಲಿ ಮೂರು ದಿನ ಜಂಬದಿಂದ ಹೇಳಿಕೊಂಡು ಓಡಾಡಿದೆ.

ನಾಲ್ಕನೇ ದಿನ ಆ 1 ಸಿಕ್ಕಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಿ ಕೋಡ್ ಲ್ಯಾಪ್ಯಾಕ್‌ನ ಡಿಪಿಒಎಸ್‌ವಿ ಅನ್ನುವ ರೊಟೀನನ್ನು, ಅಂದರೆ ಸಿದ್ಧ ಲೆಕ್ಕದ ತುಣುಕನ್ನು, ಕರೆಯುತ್ತದೆ. ಲ್ಯಾಪ್ಯಾಕ್ ಗೊತ್ತಲ್ಲ, 1992ರಿಂದ ಜಗತ್ತಿನ ಅರ್ಧ ಮ್ಯಾಟ್ರಿಕ್ಸ್ ಲೆಕ್ಕಗಳನ್ನು ಹೊತ್ತುಕೊಂಡು ಬಂದಿರುವ ಫೋರ್ಟ್ರಾನ್ ಲೈಬ್ರರಿ. ಡಿಪಿಒಎಸ್‌ವಿಗೆ 8 ಆರ್ಗ್ಯುಮೆಂಟ್, ಅಂದರೆ ಕರೆಯುವಾಗ ಕೊಡಬೇಕಾದ ಮಾಹಿತಿ. ಮೊದಲನೆಯದು ಒಂದೇ ಒಂದು ಅಕ್ಷರ: ಮ್ಯಾಟ್ರಿಕ್ಸ್‌ನ ಮೇಲಿನ ಅರ್ಧ ನೋಡಬೇಕೋ ಕೆಳಗಿನ ಅರ್ಧವೋ ಅಂತ ಹೇಳಲು ಒಂದು 'ಯು' ಅಥವಾ 'ಎಲ್'. ನಾವು 8 ಕೊಟ್ಟು ಕರೆಯುತ್ತಿದ್ದೆವು. ದಾಖಲೆಯಲ್ಲೂ 8 ಅಂತಲೇ ಇದೆ.

ಆದರೆ ಫೋರ್ಟ್ರಾನ್‌ನಲ್ಲಿ ಅಕ್ಷರದ ಆರ್ಗ್ಯುಮೆಂಟ್ ಇದ್ದರೆ ಕಂಪೈಲರ್ ಗುಟ್ಟಾಗಿ ಇನ್ನೊಂದನ್ನು ಕೊನೆಗೆ ಸೇರಿಸುತ್ತದೆ. ಅದು ಆ ಅಕ್ಷರಮಾಲೆಯ ಉದ್ದ. ಫೋರ್ಟ್ರಾನ್‌ನಿಂದ ಫೋರ್ಟ್ರಾನ್ ಕರೆದರೆ ನಮಗೆ ಕಾಣಿಸುವುದೇ ಇಲ್ಲ. ಸಿಯಿಂದ ಕರೆದಾಗ ಮಾತ್ರ ನಾವೇ ಕೊಡಬೇಕು. ಯಾರೂ ಕೊಡುತ್ತಿರಲಿಲ್ಲ. ಒಂದೇ ಅಕ್ಷರ ಅಲ್ವಾ, ಉದ್ದ 1 ಅಂತ ಎಲ್ಲರಿಗೂ ಗೊತ್ತು, ಆ ರೊಟೀನ್ ಅದನ್ನು ಓದುವುದೂ ಇಲ್ಲ. ನಾವೊಬ್ಬರೇ ಅಲ್ಲ, ದಶಕಗಟ್ಟಲೆ ಎಷ್ಟೋ ಜನ ಹೀಗೇ ಬರೆದಿದ್ದರು. ನಡೆಯುತ್ತಿತ್ತು.

64 ಬಿಟ್ ಲಿನಕ್ಸ್‌ನಲ್ಲಿ ಇಂಥ ಮೊದಲ 6 ಆರ್ಗ್ಯುಮೆಂಟ್ ರಿಜಿಸ್ಟರ್‌ಗಳಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಖಾನೆಗಳಲ್ಲಿ, ಹೋಗುತ್ತವೆ. ಉಳಿದವು ಮೆಮೊರಿಯಲ್ಲಿ ಕರೆಗಳಿಗೆ ಅಂತಲೇ ಇರುವ ಸ್ಟ್ಯಾಕ್ ಮೇಲೆ. ಹಾಗಾಗಿ ನಾವು ಸ್ಟ್ಯಾಕ್ ಮೇಲೆ ಎರಡು ಮಣೆ ಹಾಕಿದ್ದೆವು. ಡಿಪಿಒಎಸ್‌ವಿ ಮಾತ್ರ ಮೂರು ಮಣೆ ಹಾಕಿದ್ದಾರೆ, ಮೂರೂ ನನ್ನವೇ ಅಂತ ನಂಬಿತ್ತು. ಅದು ತನ್ನ ಕೆಲಸದ ಕೊನೆಗೆ ಡಿಪಿಒಟಿಆರ್‌ಎಸ್ ಅನ್ನುವ ಇನ್ನೊಂದನ್ನು ಕರೆಯುತ್ತದೆ, ಹೆಚ್ಚುಕಡಿಮೆ ಅವೇ ಆರ್ಗ್ಯುಮೆಂಟ್‌ಗಳ ಜೊತೆ. ಕೊನೆಯ ಕೆಲಸವೇ ಇನ್ನೊಂದು ಕರೆ ಆಗಿದ್ದರೆ ಜಾಣ ಕಂಪೈಲರ್ ಹೊಸದಾಗಿ ಎಲೆ ಹಾಕುವುದಿಲ್ಲ. ಇದೇ ಪಂಕ್ತಿಯಲ್ಲಿ ಬಡಿಸಿ ಕೈತೊಳೆದುಕೊಳ್ಳುತ್ತದೆ. ಮೂರನೇ ಮಣೆಯ ಮೇಲೆ ಉದ್ದವನ್ನು, ಅಂದರೆ 1 ಅನ್ನು, ಇಟ್ಟು ಮುಂದೆ ನೆಗೆಯಿತು. ಆ ಮೂರನೇ ಜಾಗದಲ್ಲಿ ನಾವು ನಮ್ಮ ಪಾಯಿಂಟರ್ ಇಟ್ಟುಕೊಂಡಿದ್ದೆವು.

ಪ್ರಿಂಟ್ ಸಾಲು ಹಾಕಿದರೆ ಯಾಕೆ ಸರಿಯಾಗುತ್ತಿತ್ತು? ಆಗ ಸ್ಟ್ಯಾಕ್‌ನ ಜೋಡಣೆ ಬದಲಾಗಿ, ಆ ಜಾಗದಲ್ಲಿ ಯಾರಿಗೂ ಬೇಡದ ಏನೋ ಇರುತ್ತಿತ್ತು. 1 ಅದರ ಮೇಲೆ ಬೀಳುತ್ತಿತ್ತು. ಯಾರೂ ಅಳುತ್ತಿರಲಿಲ್ಲ.

ಅದೇ ವರ್ಷ ಸಂಖ್ಯಾಶಾಸ್ತ್ರದವರು ಬಳಸುವ ಆರ್ ಭಾಷೆಯ ತಂಡಕ್ಕೂ ಇದೇ ತಲೆನೋವು ಬಂದಿತ್ತು. ಅವರು ಅದನ್ನು ಎಳೆ ಎಳೆಯಾಗಿ ಬಿಡಿಸಿ ಬರೆದಿದ್ದರು. ಅದನ್ನು ಓದಿರದಿದ್ದರೆ ನಾನು ಇನ್ನೂ ಒಂದು ತಿಂಗಳು ಕ್ಯಾಂಟೀನ್‌ನಲ್ಲೇ ಇರುತ್ತಿದ್ದೆ. ಜಿಫೋರ್ಟ್ರಾನ್‌ನವರು ಕೊನೆಗೆ ಪಾಪ ಅಂತ ಒಂದು ಸಡಿಲಿಕೆಯನ್ನೂ ಕೊಟ್ಟರು, ಇಂಥ ಕಡೆ ಈ ಜಾಣತನ ತೋರಿಸದೆ ಇರುವ ಹಾಗೆ. ಅಲ್ಲಿಯವರೆಗೆ ಆ ಆಪ್ಟಿಮೈಸೇಷನ್ ಆಫ್ ಮಾಡುವ ಆಯ್ಕೆ ಹಾಕಿಕೊಂಡು ದಿನ ನೂಕಿದೆ. ನಿಜವಾದ ಪ್ಯಾಚ್, ಅಂದರೆ ತಪ್ಪಿಗೆ ತೇಪೆ, ಆಮೇಲೆ ಬರೆದೆ: ಸಿಯಿಂದ ಹೋಗುವ ಪ್ರತಿ ಕರೆಯ ಕೊನೆಗೂ ಉದ್ದ ಸೇರಿಸುವುದು. 140 ಕರೆಗಳಿದ್ದವು. ಅದರಲ್ಲೂ ಒಂದು ತೊಡಕು. ಜಿಸಿಸಿ 7ರವರೆಗೆ ಆ ಉದ್ದ 32 ಬಿಟ್‌ನ ಇಂಟ್. 8ರಿಂದ 64 ಬಿಟ್‌ನ ಸೈಜ್-ಟಿ. ಹಾಗಾಗಿ ಯಾವ ಕಂಪೈಲರ್ ಅಂತ ನೋಡಿ ಟೈಪ್ ಆರಿಸುವ ಒಂದು ಹೆಡರ್ ಫೈಲ್ ಬೇರೆ ಹುಟ್ಟಿತು. ಈ ಪ್ಯಾಚ್‌ಗೆ 01 ಅಂತ ನಂಬರ್ ಕೊಟ್ಟೆ. ಇನ್ನೂ ಬರುತ್ತವೆ ಅಂತ ಆಗಲೇ ಅನಿಸಿರಬೇಕು, ಇಲ್ಲದಿದ್ದರೆ ಸೊನ್ನೆ ಯಾಕೆ ಹಾಕುತ್ತಿದ್ದೆ?

2020ರ ಮೇ ತಿಂಗಳಲ್ಲಿ ಜಿಸಿಸಿ 10 ಬಂತು. ಲಾಕ್‌ಡೌನ್. ಮನೆಯಲ್ಲಿ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್, ಒಂದು ಕಡೆ ಮಗಳ ಆನ್‌ಲೈನ್ ಕ್ಲಾಸು. ಈ ಸಲ ಕ್ರ್ಯಾಶ್ ಇಲ್ಲ, ಕಂಪೈಲೇ ಆಗಲಿಲ್ಲ. ಪರದೆ ತುಂಬ ಒಂದೇ ದೂರು: ಇಲ್ಲಿ ಇದನ್ನು ಅರೇ ಅಂತ ಕಳಿಸಿದ್ದೀಯ, ಅಲ್ಲಿ ಒಂಟಿ ಸಂಖ್ಯೆ ಅಂತ ಕಳಿಸಿದ್ದೀಯ. ಯಾವುದು ನಿಜ?

ದೂರು ನ್ಯಾಯವಾದದ್ದೇ. ಫೋರ್ಟ್ರಾನ್ 77ರ ಕಾಲದಲ್ಲಿ ಪ್ರತಿ ರೊಟೀನನ್ನೂ ಬೇರೆ ಬೇರೆ ಕಂಪೈಲ್ ಮಾಡುತ್ತಿದ್ದರು. ಕರೆಯುವವರು ಏನು ಕಳಿಸಿದರು, ಕರೆಸಿಕೊಂಡವರು ಏನು ಬಯಸಿದ್ದರು ಅಂತ ತಾಳೆ ನೋಡುವವರೇ ಇರಲಿಲ್ಲ. ಮೆಮೊರಿ ದುಬಾರಿ. ಹಾಗಾಗಿ ಒಂದೇ ದೊಡ್ಡ ಅರೇ ಇಟ್ಟುಕೊಂಡು, ಒಮ್ಮೆ ಸಾಧಾರಣ ಸಂಖ್ಯೆಗಳಿಗೆ, ಒಮ್ಮೆ ಕಾಂಪ್ಲೆಕ್ಸ್ ಸಂಖ್ಯೆಗಳಿಗೆ ಬಳಸುತ್ತಿದ್ದರು. ಒಂದೇ ಪಾತ್ರೆಯಲ್ಲಿ ಬೆಳಿಗ್ಗೆ ಹಾಲು, ಸಂಜೆ ಸಾರು. ತೊಳೆದುಕೊಂಡರೆ ಆಯ್ತಲ್ಲ ಅಂತ. ಭಾಷೆಯ ನಿಯಮದಲ್ಲಿ ಇದಕ್ಕೆ ಆಗಲೂ ಒಪ್ಪಿಗೆ ಇರಲಿಲ್ಲ. ಕೇಳುವವರಿರಲಿಲ್ಲ, ಅಷ್ಟೆ.

ದಾರಿ ಒಂದಿತ್ತು. 'ಎಫ್-ಅಲೋ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್' ಅಂತ ಒಂದು ಆಯ್ಕೆ ಕೊಟ್ಟರೆ ಎರರ್‌ಗಳೆಲ್ಲ ಎಚ್ಚರಿಕೆಗಳಾಗುತ್ತವೆ. ಹಾಕಿದೆ, ಬಿಲ್ಡ್ ಆಯಿತು, ಕಾಫಿ ಕುಡಿದೆ. ಮಧ್ಯಾಹ್ನ ಹಳೇ ಸರ್ವರ್‌ನಿಂದ ಒಬ್ಬ ಪಿಎಚ್‌ಡಿ ಹುಡುಗನ ಫೋನ್: "ಸರ್, ಬಿಲ್ಡ್ ಒಡೆದಿದೆ." ಅಲ್ಲಿ ಇದ್ದದ್ದು ಜಿಸಿಸಿ 7. ಅದಕ್ಕೆ ಆ ಆಯ್ಕೆಯ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದ ಆಯ್ಕೆ ಕೊಟ್ಟರೆ ಅದು ಮುನಿಸಿಕೊಂಡು ನಿಲ್ಲುತ್ತದೆ. ಹೊಸದನ್ನು ಸಮಾಧಾನ ಮಾಡಿದರೆ ಹಳೆಯದಕ್ಕೆ ಕೋಪ. ಆಯ್ಕೆ ಕೊಡುವ ಮೊದಲು, ಒಂದು ಪುಟ್ಟ ಫೈಲ್ ಕಂಪೈಲ್ ಮಾಡಿ ನೋಡಿ, 'ನಿನಗೆ ಇದು ಗೊತ್ತಾ?' ಅಂತ ಕೇಳುವ ವ್ಯವಸ್ಥೆ ಬರೆದೆ. ಆವೃತ್ತಿಯ ನಂಬರ್ ನೋಡಿ ನಿರ್ಧರಿಸುವುದಕ್ಕಿಂತ ಹೀಗೆ ಕೇಳಿಬಿಡುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ. ನಂಬರ್‌ಗಳು ಒಂದೊಂದು ಕಂಪೈಲರ್‌ಗೆ ಒಂದೊಂದು ಥರ.

ಆಮೇಲೆ ಮೂರು ವಾರ ಕೂತು ಕೋಡನ್ನೇ ಸರಿ ಮಾಡಿದೆ. ಆಗ ಎರಡು ಕಡೆ ನಿಜವಾದ ತಪ್ಪುಗಳೇ ಸಿಕ್ಕವು. ಒಂದು ಕಡೆ ಡಬಲ್ (64 ಬಿಟ್‌ನ ದಶಾಂಶ ಸಂಖ್ಯೆ) ಬಯಸುವ ರೊಟೀನ್‌ಗೆ ಸಿಂಗಲ್ (32 ಬಿಟ್‌ನದು) ಕಳಿಸುತ್ತಿದ್ದೆವು. ಎರರ್ ಸಂದೇಶ ಬರೆಯುವ ಕೋಡ್ ಅದು, ಅದಕ್ಕೇ ಯಾರಿಗೂ ಕಂಡಿರಲಿಲ್ಲ. ಮೂವತ್ತು ವರ್ಷ ತಪ್ಪು ಸಂಖ್ಯೆಯನ್ನೇ ಪ್ರಿಂಟ್ ಮಾಡಿಕೊಂಡು ಬಂದಿತ್ತು.

ಸಿ ಭಾಗದಲ್ಲೂ ಅದೇ ಹೊತ್ತಿಗೆ ಒಂದು ಗಲಾಟೆ ಆಯಿತು. ಹೆಡರ್ ಫೈಲ್‌ನಲ್ಲಿ 'ಎಕ್ಸ್‌ಟರ್ನ್' ಅಂತ ಹಾಕದೆ ಗ್ಲೋಬಲ್ ವೇರಿಯಬಲ್ ಘೋಷಿಸಿದ್ದೆವು. ಜಿಸಿಸಿ 10ರ ಮುಂಚೆ, ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಎಲ್ಲವನ್ನೂ ಸೇರಿಸಿ ಒಂದು ಮಾಡಿಕೊಳ್ಳುತ್ತಿತ್ತು. ಈಗ ಮಾಡುವುದಿಲ್ಲ. ಅರ್ಧ ದಿನದ ಕೆಲಸ.

ಮ್ಯಾಕ್‌ನ ಕಥೆ ಬೇರೆ. ಅದು ನನಗೆ ಇಷ್ಟವಾದ ಕಥೆ.

2021ರಲ್ಲಿ ನಮ್ಮ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಹೊಸ ಎಂ1 ಮ್ಯಾಕ್‌ಬುಕ್ ತಂದಳು. ಮ್ಯಾಕ್‌ಗೆ ತಂತ್ರಾಂಶ ತರುವ ಹೋಮ್‌ಬ್ರೂನಿಂದ ಜಿಸಿಸಿ ಹಾಕಿಕೊಂಡು ಲೈಬ್ರರಿ ಬಿಲ್ಡ್ ಮಾಡಿದಳು. ಓಡಿಸಿದರೆ ನಮ್ಮ ಕೋಡೇ ಬೈದು ನಿಲ್ಲಿಸಿತು: 'ಮ್ಯಾಟ್ರಿಕ್ಸ್ ಹರ್ಮಿಷಿಯನ್ ಅಲ್ಲ.' ಹರ್ಮಿಷಿಯನ್ ಮ್ಯಾಟ್ರಿಕ್ಸ್‌ನ ಕರ್ಣದ ಮೇಲಿನ ಸಂಖ್ಯೆಗಳಲ್ಲಿ ಕಾಲ್ಪನಿಕ ಭಾಗ ಸೊನ್ನೆ ಇರಬೇಕು. ಸಣ್ಣ ವಿಷಯ ಅಂತ ಮೇಷ್ಟ್ರು ಸರಿಯಾಗಿ ಸೊನ್ನೆಗೇ ಹೋಲಿಸಿದ್ದರು. ಇಲ್ಲಿ ಸೊನ್ನೆ ಬರುತ್ತಿರಲಿಲ್ಲ. 10ರ ಘಾತ −18ರ ಆಸುಪಾಸಿನಲ್ಲಿ ಏನೋ ಧೂಳು ಬರುತ್ತಿತ್ತು.

ಸಿಯಲ್ಲಿ ಕಾಂಪ್ಲೆಕ್ಸ್ ಸಂಖ್ಯೆ ಅಧಿಕೃತವಾಗಿ ಬಂದದ್ದೇ 1999ರ ಮಾನಕದಲ್ಲಿ. ನಮ್ಮ ಸಿ ಕೋಡ್ ಅದಕ್ಕಿಂತ ಹಳೆಯದು. ಹಾಗಾಗಿ ಗುಣಾಕಾರವನ್ನು ಕೈಯಲ್ಲೇ ಬರೆದುಕೊಂಡಿದ್ದೆವು. ಒಂದು ಸಂಖ್ಯೆಯನ್ನು ಅದರದೇ ಸಂಯುಗ್ಮದಿಂದ ಗುಣಿಸಿದರೆ ಕಾಲ್ಪನಿಕ ಭಾಗ 'ವೈ ಗುಣಿಸು ಎಕ್ಸ್, ಕಳೆ ಎಕ್ಸ್ ಗುಣಿಸು ವೈ'. ಇದು ಸೊನ್ನೆ ಆಗದೆ ಹೇಗಿರುತ್ತದೆ?

ಅವಳು ಕೇಳಿದ್ದೂ ಅದನ್ನೇ. "ಸರ್, ಎರಡೂ ಒಂದೇ ಅಲ್ವಾ?"

"ಒಂದೇ ಕಣಮ್ಮ. ಆದರೆ ಒಂದನ್ನು ಮಾತ್ರ ರೌಂಡ್ ಮಾಡ್ತಿದೆ."

ಆರ್ಮ್ 64 ಬಿಟ್ ಚಿಪ್‌ಗಳಲ್ಲಿ ಗುಣಿಸುವುದು, ಕೂಡುವುದು ಎರಡನ್ನೂ ಒಂದೇ ಏಟಿಗೆ ಮಾಡುವ ಸೂಚನೆ ಹುಟ್ಟಿನಿಂದಲೇ ಇದೆ. ಎಫ್‌ಎಂಎ ಅಂತಾರೆ. ಅದರಲ್ಲಿ ಗುಣಲಬ್ಧವನ್ನು ರೌಂಡ್ ಮಾಡದೆ ಪೂರ್ತಿ ಇಟ್ಟುಕೊಂಡು ಕೂಡಿ, ಕೊನೆಗೆ ಒಂದೇ ಸಲ ರೌಂಡ್ ಮಾಡುತ್ತಾರೆ. ಜಿಸಿಸಿ, ಬೇಡ ಅನ್ನದಿದ್ದರೆ, ಇದನ್ನು ಬಳಸಿಕೊಳ್ಳುತ್ತದೆ. ಹಾಗಾಗಿ ಒಂದು ಗುಣಲಬ್ಧ ರೌಂಡ್ ಆಗಿ ಬಂತು, ಇನ್ನೊಂದು ರೌಂಡ್ ಆಗದೆ ಬಂತು. ಕಳೆದಾಗ ಉಳಿದದ್ದು ರೌಂಡ್ ಮಾಡುವಾಗ ಉದುರಿದ ಪುಡಿ. ಕಾಗದದ ಮೇಲೆ 0.1 ಮತ್ತು 0.3 ಹಾಕಿ ಲೆಕ್ಕ ಮಾಡಿ ತೋರಿಸಿದೆ. ಕಂಪ್ಯೂಟರ್‌ನಲ್ಲಿ ಇವೆರಡನ್ನು ಗುಣಿಸಿದಾಗ ಉದುರುವ ಪುಡಿ ಸುಮಾರು 1.7 ಗುಣಿಸು 10ರ ಘಾತ −18. ಅವಳ ಮ್ಯಾಕ್‌ನಲ್ಲಿ ಓಡಿಸಿದೆವು. ಚಿಹ್ನೆ ಸಮೇತ ಅದೇ ಬಂತು. ಆ ಹುಡುಗಿಗೆ ಆದ ಸಂತೋಷ ನೋಡಬೇಕಿತ್ತು, ತನ್ನ ಮ್ಯಾಕ್ ಕೆಟ್ಟಿಲ್ಲವಲ್ಲ ಅಂತ.

ನಮ್ಮ ಇಂಟೆಲ್ ಯಂತ್ರಗಳಲ್ಲಿ ಇದು ಯಾಕೆ ಕಂಡಿರಲಿಲ್ಲ? ಅವುಗಳಲ್ಲಿ ಎಫ್‌ಎಂಎ ಬಂದದ್ದು 2013ರಲ್ಲಿ. ಹಳೇ ಚಿಪ್‌ಗಳಲ್ಲೂ ಓಡಬೇಕಲ್ಲ ಅಂತ, ನಾವಾಗಿ ಕೇಳದ ಹೊರತು ಕಂಪೈಲರ್ ಅದನ್ನು ಮುಟ್ಟುವುದಿಲ್ಲ. ನಾವು ಕೇಳಿರಲಿಲ್ಲ.

ಎಫ್‌ಎಂಎಯನ್ನೇ ಆಫ್ ಮಾಡಿಬಿಡಬಹುದು, ಒಂದು ಆಯ್ಕೆ ಸಾಕು. ಎಷ್ಟೋ ಜನ ಹಾಗೇ ಮಾಡುತ್ತಾರೆ. ನನಗೆ ಮನಸ್ಸು ಬರಲಿಲ್ಲ. ಒಟ್ಟಾರೆ ನೋಡಿದರೆ ಅದು ಜಾಸ್ತಿ ನಿಖರ, ಜಾಸ್ತಿ ವೇಗ. ತಪ್ಪು ಇದ್ದದ್ದು ನಮ್ಮ ಹೋಲಿಕೆಯಲ್ಲಿ. ಕರ್ಣಕ್ಕೆ ಬರೀ ವರ್ಗಗಳ ಮೊತ್ತ ಲೆಕ್ಕ ಮಾಡಿ ಕಾಲ್ಪನಿಕ ಭಾಗಕ್ಕೆ ನೇರ ಸೊನ್ನೆ ಇಟ್ಟೆ. ಉಳಿದ ಕಡೆ ಸಣ್ಣ ಸಡಿಲು ಬಿಟ್ಟೆ. ಪ್ಯಾಚ್ 05. ಆಮೇಲೆ ಇದೇ ಕಣ್ಣಿನಿಂದ ಹುಡುಕಿದಾಗ ವರ್ಗಸಮೀಕರಣದ ಒಂದು ಜಾಗ ಸಿಕ್ಕಿತು. 'ಬಿ ವರ್ಗ ಕಳೆ 4ಎಸಿ' ಸೊನ್ನೆ ಬರಬೇಕಾದ ಕಡೆ ಋಣ ಪುಡಿ ಬಂದು, ಅದರ ವರ್ಗಮೂಲ ತೆಗೆಯಲು ಹೋದರೆ 'ಸಂಖ್ಯೆಯೇ ಅಲ್ಲ' ಅನ್ನುವ ಉತ್ತರ. ಅದು ಯಾರ ಕೈಗೂ ಸಿಗುವ ಮೊದಲೇ ಸಿಕ್ಕಿದ್ದು ಪುಣ್ಯ.

ಈಗ ನಾನೇ ಮಾಡಿದ ಒಂದು ಘನಕಾರ್ಯ ಹೇಳಬೇಕು.

ಇಷ್ಟೆಲ್ಲ ಆದಮೇಲೆ ನನಗೆ ಕೋಡ್ ಸ್ವಚ್ಛ ಮಾಡುವ ಹುರುಪು ಬಂದಿತ್ತು. ಒಂದು ಫೈಲ್‌ನಲ್ಲಿ 'ಆಡ್‌ಟೂ' ಅಂತ ಒಂದು ಫಂಕ್ಷನ್ ಕಂಡಿತು. ಎರಡು ಸಂಖ್ಯೆ ತೆಗೆದುಕೊಂಡು, ಕೂಡಿ, ವಾಪಸ್ ಕೊಡುತ್ತದೆ. ಅಷ್ಟೇ. ಅದಕ್ಕೆ ಅಂತಲೇ ಪ್ರತ್ಯೇಕ ಫೈಲ್ ಬೇರೆ. ಕೂಡುವುದಕ್ಕೆ ಫಂಕ್ಷನ್ ಯಾಕೆ? ನಕ್ಕು ತೆಗೆದುಹಾಕಿದೆ. ಕರೆದ ಕಡೆಯೆಲ್ಲ ನೇರ ಪ್ಲಸ್ ಚಿಹ್ನೆ ಹಾಕಿದೆ. ಟೆಸ್ಟ್‌ಗಳೆಲ್ಲ ಪಾಸ್.

ಎರಡು ವಾರದ ನಂತರ, ಲೇಸರ್ ಕೋಣೆಯಲ್ಲಿ ಒಂದು ಉಪಕರಣಕ್ಕೆ ಕಟ್ಟಿಹಾಕಿರುವ ಹಳೇ ಪಿಸಿಯಲ್ಲಿ ಫಿಟ್ (ಅಳತೆಯನ್ನು ಲೆಕ್ಕಕ್ಕೆ ಹೊಂದಿಸುವುದು) ಮುಗಿಯುತ್ತಲೇ ಇಲ್ಲ ಅಂತ ದೂರು ಬಂತು. ಆ ಪಿಸಿ 32 ಬಿಟ್. ಅದರೊಳಗಿನ ಕಾರ್ಡ್‌ಗೆ ಹೊಸ ಡ್ರೈವರ್ ಇಲ್ಲ, ಹಾಗಾಗಿ ಅದನ್ನು ಬದಲಾಯಿಸುವ ಹಾಗೂ ಇಲ್ಲ. ಹೋಗಿ ನೋಡಿದೆ. ಪ್ರೋಗ್ರಾಂ ಸುತ್ತುತ್ತಲೇ ಇತ್ತು. ಕ್ರ್ಯಾಶ್ ಇಲ್ಲ, ಎರರ್ ಇಲ್ಲ. ಫ್ಯಾನ್ ಮಾತ್ರ ಬೊಬ್ಬೆ ಹೊಡೆಯುತ್ತಿತ್ತು.

ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ.

"ಸರ್, ಆಡ್‌ಟೂ ಅಂತ ಒಂದು ಫಂಕ್ಷನ್ ಇತ್ತಲ್ಲ..."

"ಇತ್ತಲ್ಲ ಅಂದ್ರೆ? ಈಗ ಇಲ್ವಾ?"

ನಾನು ಸುಮ್ಮನಿದ್ದೆ.

"ತೆಗೆದ್ಯಾ?"

"ಸುಮ್ನೆ ಕೂಡ್ತಿತ್ತು ಸರ್, ಅದಕ್ಕೆ..."

"ಸುಮ್ನೆ ಕೂಡೋದಕ್ಕೆ ಒಂದು ಫೈಲ್ ಮಾಡೋಕೆ ನನಗೇನು ತಲೆ ಕೆಟ್ಟಿತ್ತಾ ಪುಣ್ಯಾತ್ಮ?"

ವಿಷಯ ಇದು. ಯಂತ್ರದ ನಿಖರತೆ ಎಷ್ಟು ಅಂತ ತಿಳಿಯಲು ಮೊದಲೆಲ್ಲ ಒಂದು ಪಟ್ಟಿ ಇಟ್ಟುಕೊಳ್ಳುತ್ತಿದ್ದರು. ಡಿ1ಮ್ಯಾಚ್ ಅಂತ ಅದರ ಹೆಸರು. ನಮ್ಮಲ್ಲಿ ಅದು ಇನ್ನೂ ಇದೆ. ಸಿಡಿಸಿ, ಕ್ರೇ, ಬರೋಸ್, ಹನಿವೆಲ್, ಯುನಿವ್ಯಾಕ್, ವ್ಯಾಕ್ಸ್ ಅಂತ ಯಂತ್ರಗಳ ಹೆಸರು, ಪ್ರತಿಯೊಂದರ ಕೆಳಗೆ ಅದರ ಸಂಖ್ಯೆಗಳು, ಎಲ್ಲ ಕಾಮೆಂಟ್ ಆಗಿ. ಹಳೇ ಫೋರ್ಟ್ರಾನ್‌ನಲ್ಲಿ ಸಾಲಿನ ಮೊದಲಿಗೆ 'ಸಿ' ಅಕ್ಷರ ಇದ್ದರೆ ಅದು ಕಾಮೆಂಟ್, ಕಂಪೈಲರ್ ಓದುವುದಿಲ್ಲ. ನಿಮ್ಮ ಯಂತ್ರದ ಸಾಲಿನ ಮುಂದಿನ 'ಸಿ' ಅಳಿಸಿ ಕಂಪೈಲ್ ಮಾಡಬೇಕು. ಅದನ್ನು ಓದುವುದು ಒಂಥರಾ ಪಕ್ಷದ ದಿನ ಹಿರಿಯರ ಹೆಸರು ಹೇಳಿದ ಹಾಗೆ. ಮೇಷ್ಟ್ರಿಗೆ ಪ್ರತಿ ಸಲ 'ಸಿ' ಅಳಿಸಿ ಬೇಜಾರಾಗಿ, ಯಂತ್ರವನ್ನೇ ಕೇಳಿ ತಿಳಿಯುವ ಒಂದು ಲೂಪ್ ಬರೆದರು. ಒಂದು ಸಂಖ್ಯೆಯನ್ನು ಅರ್ಧ, ಅರ್ಧ ಮಾಡುತ್ತಾ ಹೋಗುವುದು. 1ಕ್ಕೆ ಅದನ್ನು ಕೂಡಿದರೂ 1 ಆಗಿಯೇ ಉಳಿದರೆ, ಅಲ್ಲಿಗೆ ನಿಖರತೆ ಮುಗಿಯಿತು.

ಆದರೆ 32 ಬಿಟ್ ಇಂಟೆಲ್‌ನಲ್ಲಿ ದಶಾಂಶ ಲೆಕ್ಕ ನಡೆಯುವುದು 1980ರ 8087 ಚಿಪ್‌ನ ವಂಶದ ಘಟಕದಲ್ಲಿ. ಅದರ ರಿಜಿಸ್ಟರ್ 80 ಬಿಟ್. ಮೆಮೊರಿಯಲ್ಲಿರುವ ಡಬಲ್ 64 ಬಿಟ್. ರಿಜಿಸ್ಟರ್‌ನಲ್ಲೇ ಕೂಡಿ ಅಲ್ಲೇ ಹೋಲಿಸಿದರೆ ನಿಖರತೆ 10ರ ಘಾತ −19ರ ಆಸುಪಾಸು ಅಂತ ಉತ್ತರ ಬರುತ್ತದೆ. ಮೆಮೊರಿಗೆ ಹಾಕಿ ತೆಗೆದ ಸಂಖ್ಯೆಗೆ ಇರುವುದು −16ರಷ್ಟು ಮಾತ್ರ. ಫಿಟ್ ಮಾಡುವ ಕೋಡ್ ಆ ತಪ್ಪು ಉತ್ತರ ನಂಬಿಕೊಂಡು, ಎಂದೂ ಸಿಗದ ನಿಖರತೆಗಾಗಿ ಸುತ್ತುತ್ತಲೇ ಇತ್ತು. ಆಡ್‌ಟೂ ಇದ್ದದ್ದು ಕೂಡುವುದಕ್ಕಲ್ಲ. ಬೇರೆ ಫೈಲ್‌ನ ಫಂಕ್ಷನ್‌ಗೆ ಸಂಖ್ಯೆ ಕಳಿಸಬೇಕಾದರೆ ಮೆಮೊರಿಗೆ ಹಾಕಲೇಬೇಕು. ಅಲ್ಲಿ ಜಾಸ್ತಿ ಬಿಟ್‌ಗಳು ಉದುರುತ್ತವೆ. ಲ್ಯಾಪ್ಯಾಕ್‌ನಲ್ಲೂ ಡಿಎಲ್‌ಎಎಂಸಿ3 ಅಂತ ಇಂಥದ್ದೇ ಒಂದು ಫಂಕ್ಷನ್ ಇದೆ. ಮೇಷ್ಟ್ರು ಅದನ್ನು ನೋಡಿಯೇ ಬರೆದದ್ದು. ಅಲ್ಲಿ ಮೇಲುಗಡೆ ಕಾಮೆಂಟ್ ಇದೆ, ಯಾಕೆ ಹೀಗೆ ಅಂತ. ನಮ್ಮದರಲ್ಲಿ ಇರಲಿಲ್ಲ.

ಈ 80 ಬಿಟ್ ಗೋಳು ಜಿಸಿಸಿಯ ದೂರುಗಳ ಪಟ್ಟಿಯಲ್ಲಿ 323ನೇ ನಂಬರಿನಲ್ಲಿ 2000ದಿಂದ ಪ್ರಸಿದ್ಧವಾಗಿದೆ. ಪ್ರಪಂಚದ ಮೂಲೆಮೂಲೆಯಿಂದ ಜನ ಬಂದು 'ಕಂಪೈಲರ್ ತಪ್ಪು ಲೆಕ್ಕ ಮಾಡ್ತಿದೆ' ಅಂತ ಅಲ್ಲಿ ಅತ್ತು ಹೋಗಿದ್ದಾರೆ. ನಾನೂ ಓದುತ್ತಾ ಕೂತೆ. ಸಮಾಧಾನ ಆಯಿತು, ನನ್ನಂಥವರು ಎಷ್ಟೊಂದು ಜನ ಅಂತ.

ಆಡ್‌ಟೂ ವಾಪಸ್ ಹಾಕಬಹುದಿತ್ತು. ಆದರೆ ಈಗಿನ ಕಂಪೈಲರ್‌ಗಳಿಗೆ ಲಿಂಕ್ ಸಮಯದ ಆಪ್ಟಿಮೈಸೇಷನ್ ಕೊಟ್ಟರೆ, ಬೇರೆ ಫೈಲ್‌ನಲ್ಲಿದ್ದರೂ ಒಳಗೆಳೆದುಕೊಂಡು ಕರಗಿಸಿಬಿಡುತ್ತವೆ. ಹಾಗಾಗಿ ಲೂಪನ್ನೇ ತೆಗೆದೆ. ಫೋರ್ಟ್ರಾನ್ 90ರಿಂದ 'ಎಪ್ಸಿಲಾನ್' ಅಂತ ಭಾಷೆಯಲ್ಲೇ ಇದೆ, ಕೇಳಿದರೆ ಹೇಳುತ್ತದೆ. ಅದರಲ್ಲೂ ಒಮ್ಮೆ ಎಡವಿದೆ. ಡಿ1ಮ್ಯಾಚ್‌ನ 3ನೆಯದು ಮತ್ತು 4ನೆಯದು ಒಂದಕ್ಕೊಂದು ಎರಡರಷ್ಟು. ಎಪ್ಸಿಲಾನ್ ಅಂದರೆ 4ನೆಯದು. ನಾನು 3ಕ್ಕೆ ಹಾಕಿದ್ದೆ. ಟೆಸ್ಟ್ ಹಿಡಿಯಿತು.

ವೇಗದ ಆಸೆಗೆ ಆದ ಒಂದು ಅನಾಹುತವನ್ನು ಚಿಕ್ಕದಾಗಿ ಹೇಳುತ್ತೇನೆ. ಯಾರೋ ಮೇಕ್‌ಫೈಲ್‌ನಲ್ಲಿ, ಅಂದರೆ ಬಿಲ್ಡ್ ಮಾಡುವ ಸೂಚನೆಗಳಿರುವ ಫೈಲ್‌ನಲ್ಲಿ, 'ಓ-ಫಾಸ್ಟ್' ಹಾಕಿದ್ದರು. ಅದು ಕಂಪೈಲರ್‌ಗೆ, ಶಾಲೆಯ ಬೀಜಗಣಿತ ಬಳಸಿಕೋ ಅಂತ ಒಪ್ಪಿಗೆ ಕೊಟ್ಟ ಹಾಗೆ. ನಮ್ಮಲ್ಲಿ ಲಕ್ಷಗಟ್ಟಲೆ ಸಂಖ್ಯೆ ಕೂಡುವ ಕಡೆ, ಪ್ರತಿ ಸಲ ಉದುರುವ ಪುಡಿಯನ್ನು ಎತ್ತಿಟ್ಟುಕೊಂಡು ಮುಂದಿನ ಸಲ ಸೇರಿಸುವ ಉಪಾಯ ಇದೆ. ಕಹಾನ್ 1965ರಲ್ಲಿ ಪ್ರಕಟಿಸಿದ್ದು. ಹೊಸ ಮೊತ್ತದಿಂದ ಹಳೇ ಮೊತ್ತ ಕಳೆದು, ಅದರಿಂದ ಈಗ ಕೂಡಿದ ಸಂಖ್ಯೆಯನ್ನೂ ಕಳೆದರೆ ಉಳಿಯುವುದೇ ಪುಡಿ. ಬೀಜಗಣಿತ ಹೇಳುತ್ತದೆ, ಅದು ಸೊನ್ನೆ ಅಂತ. ಕಂಪೈಲರ್ ವಿಧೇಯವಾಗಿ ಸೊನ್ನೆ ಮಾಡಿ, ಇಡೀ ಉಪಾಯವನ್ನೇ ಗುಡಿಸಿ ಹಾಕಿತು. ಕೋಡ್ ವೇಗವಾಗಿ ಓಡಿತು, ಹೌದು. ಕೆಲಸವೇ ಇಲ್ಲದಿದ್ದರೆ ಯಾರು ತಾನೇ ಓಡುವುದಿಲ್ಲ?

ವಿಂಡೋಸ್ ಬಗ್ಗೆ ಕೇಳಬೇಡಿ. ಅಲ್ಲಿ 'ಲಾಂಗ್' ಅಂದರೆ 32 ಬಿಟ್, ಲಿನಕ್ಸ್‌ನಲ್ಲಿ 64. ಎರಡು ತಿಂಗಳು ಒದ್ದಾಡಿ, ಎಲ್ಲರೂ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ ಅಂತ ಒಂದು ಸಾಲು ಬರೆದು ಕೈಮುಗಿದೆ. 2024ರಲ್ಲಿ ಜಿಸಿಸಿ 14 ಬಂದಾಗ ಘೋಷಿಸದೆ ಕರೆದ ಫಂಕ್ಷನ್‌ಗಳೆಲ್ಲ ಎರರ್ ಆದವು. 2025ರಲ್ಲಿ ಜಿಸಿಸಿ 15 ಬಂದಾಗ 'ಬೂಲ್' ಅನ್ನುವುದು ಭಾಷೆಯದೇ ಪದವಾಗಿಬಿಟ್ಟಿತು. ನಮ್ಮ ಹೆಡರ್‌ನಲ್ಲಿ ನಾವೇ ಬೂಲ್ ಅಂತ ಟೈಪ್ ಮಾಡಿಕೊಂಡಿದ್ದೆವು. ಎರಡೂ ಒಂದೊಂದು ದಿನದ ಕೆಲಸ. ಅಷ್ಟೊತ್ತಿಗೆ ಕೈ ಪಳಗಿತ್ತು.

ಹಾಗಾದರೆ ಕಂಪೈಲರ್ ತಪ್ಪೇ ಮಾಡುವುದಿಲ್ಲವಾ? ಮಾಡುತ್ತದೆ. ಈ ಏಳು ವರ್ಷದಲ್ಲಿ ನನಗೆ ಒಂದು ಸಿಕ್ಕಿದೆ. ದೊಡ್ಡ ಕ್ಲಸ್ಟರ್‌ನಲ್ಲಿದ್ದ, ದುಡ್ಡು ಕೊಟ್ಟು ತಂದ ಒಂದು ಕಂಪೈಲರ್. ಫಿಟ್ ಉತ್ತರ ಕೊಡುತ್ತಿತ್ತು, ತಪ್ಪು ಉತ್ತರ. ಅಷ್ಟೊತ್ತಿಗೆ ನನಗೆ 'ಕಂಪೈಲರ್ ತಪ್ಪು' ಅನ್ನಲು ಬಾಯಿ ಬರುತ್ತಿರಲಿಲ್ಲ. ಹಾಗಾಗಿ ನಮ್ಮದರಲ್ಲೇ ಹುಡುಕಿದೆ. ಎಲ್ಲ ತಪಾಸಣೆ ಆನ್ ಮಾಡಿ ಓಡಿಸಿದೆ. ತುಂಬಿಸದ ವೇರಿಯಬಲ್‌ಗಳಿಗೆಲ್ಲ ವಿಷದ ಸಂಖ್ಯೆ ಹಾಕಿ ಓಡಿಸಿದೆ. ಏನೂ ಇಲ್ಲ. ಕೊನೆಗೆ ಅರ್ಧರ್ಧ ಮಾಡುವ ಹಳೇ ಉಪಾಯ. ಅರ್ಧ ಫೈಲ್‌ಗಳನ್ನು ಆಪ್ಟಿಮೈಸೇಷನ್ ಇಲ್ಲದೆ, ಅರ್ಧವನ್ನು ಓ2 ಹಾಕಿ ಕಂಪೈಲ್ ಮಾಡಿ ಲಿಂಕ್ ಮಾಡುವುದು. ಉತ್ತರ ಸರಿ ಬಂದರೆ ತಪ್ಪು ಆಪ್ಟಿಮೈಸೇಷನ್ ತೆಗೆದ ಅರ್ಧದಲ್ಲಿದೆ. 300 ಫೈಲ್ ಇದ್ದರೂ ಒಂಬತ್ತು ಸಲಕ್ಕೆ ಒಂದೇ ಫೈಲ್‌ಗೆ ಬರುತ್ತೀರಿ. ಆಮೇಲೆ ಆ ಫೈಲ್‌ನಲ್ಲಿ ಬೇಡದ ಸಾಲು ಕಿತ್ತು, ಕಿತ್ತು, 23 ಸಾಲಿಗೆ ತಂದೆ. ಅರೇಯ ಉದ್ದ 4ರ ಗುಣಕ ಆಗಿರದಿದ್ದರೆ, ನಾಲ್ಕು ನಾಲ್ಕು ಒಟ್ಟಿಗೆ ಮಾಡಿ ಉಳಿದ ಬಾಲದಲ್ಲಿ ಒಂದನ್ನು ಬಿಟ್ಟುಬಿಡುತ್ತಿತ್ತು. ಕಳಿಸಿದೆ. ಒಪ್ಪಿಕೊಂಡರು, ಮುಂದಿನ ಆವೃತ್ತಿಯಲ್ಲಿ ಸರಿಯಾಯಿತು. ಅವತ್ತು ಕ್ಯಾಂಟೀನ್‌ನಲ್ಲಿ ಎಲ್ಲರಿಗೂ ನಾನೇ ಮೈಸೂರು ಪಾಕ್ ಕೊಡಿಸಿದೆ.

ಈಗ ಪ್ಯಾಚ್‌ಗಳ ನಂಬರ್ 17ಕ್ಕೆ ಬಂದಿದೆ. ಜಿಸಿಸಿಯಂಥದೇ ಇನ್ನೊಂದು ಕಂಪೈಲರ್ ಯೋಜನೆಯಾದ ಎಲ್ಎಲ್‌ವಿಎಂನವರ ಫೋರ್ಟ್ರಾನ್ ಕಂಪೈಲರ್ ಇಷ್ಟು ದಿನ 'ಫ್ಲಾಂಗ್-ನ್ಯೂ' ಅಂತ ಇತ್ತು. 2025ರ ಮಾರ್ಚ್‌ನಲ್ಲಿ ಬಾಲ ಕಳಚಿಕೊಂಡು ಬರೀ 'ಫ್ಲಾಂಗ್' ಆಯಿತು. ದೊಡ್ಡವನಾದ ಅಂತ ಲೆಕ್ಕ. ಹೋದ ವಾರ ಅದರಲ್ಲಿ ನಮ್ಮ ಲೈಬ್ರರಿ ಬಿಲ್ಡ್ ಮಾಡಿದೆ. 212 ಟೆಸ್ಟ್‌ಗಳಲ್ಲಿ 211 ಪಾಸ್. ಒಂದು ಮಾತ್ರ ಹನ್ನೊಂದನೇ ಅಂಕಿಯಲ್ಲಿ ಬೇರೆ ಬರುತ್ತಿದೆ. ಬರೀ ರೌಂಡಿಂಗ್ ಅನ್ನಲು ಜಾಸ್ತಿ ಆಯಿತು, ದೊಡ್ಡ ತಪ್ಪು ಅನ್ನಲು ಕಮ್ಮಿ.

ಅರ್ಧರ್ಧ ಮಾಡುತ್ತಾ 9 ಫೈಲ್‌ಗೆ ಬಂದು ನಿಂತಿದ್ದೇನೆ. ಅದರಲ್ಲಿ 7 ಮೇಷ್ಟ್ರು ಬರೆದದ್ದು, 2 ನಾನು ಬರೆದದ್ದು. ನನ್ನ ಎರಡರಿಂದ ಶುರು ಮಾಡಿದ್ದೇನೆ.